ರೋಗಿಯ ತಟ್ಟೆಯಲ್ಲಿ ಉಳಿದದ್ದು

ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ನೀವು ಜ್ವರ ನೋಡುತ್ತೀರಿ, ಔಷಧದ ಹೊತ್ತು ತಪ್ಪಿಸುವುದಿಲ್ಲ. ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ನೋಡುವವರು ಮಾತ್ರ ಕಡಮೆ. "ಕಾಯಿಲೆಯಲ್ಲವೆ, ಇಳಿಯದೆ ಇರುತ್ತಾರೆಯೆ?" ಎಂದು ಸಮಾಧಾನ ಹೇಳಿಕೊಳ್ಳುವುದು ವಾಡಿಕೆ. ಆ ಇಳಿತವೇ ಎರಡನೆಯ ಕಾಯಿಲೆ. 1936ರಲ್ಲಿ ಅಮೆರಿಕದ ಸ್ಟಡ್ಲಿ ಎಂಬ ಶಸ್ತ್ರವೈದ್ಯರು ಜಠರದ ಹುಣ್ಣಿಗೆ ಶಸ್ತ್ರಚಿಕಿತ್ಸೆಯಾದವರ ಲೆಕ್ಕವನ್ನು ಪ್ರಕಟಿಸಿದರು. ಮೊದಲೇ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ಮೂವರಿಗೊಬ್ಬರು ತೀರಿಕೊಂಡಿದ್ದರು. ಉಳಿದವರಲ್ಲಿ ಸಾವು ನೂರಕ್ಕೆ ನಾಲ್ಕನ್ನೂ ಮುಟ್ಟಿರಲಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಕೃಶನ ಚಿತ್ರವುಂಟು: ಕತ್ತು, ಹೊಟ್ಟೆ ಒಣಗಿ, ನರಗಳ ಬಲೆ ಎದ್ದು, ಕೀಲುಗಳು ದಪ್ಪವಾಗಿ ತೋರುತ್ತವೆ. ಅಲ್ಲಿಯವರೆಗೆ ನೀವು ಕಾಯಬೇಕಾಗಿಲ್ಲ. ಬಳೆ ಮೊಣಕೈಯತ್ತ ಜಾರುವುದು, ಉಂಗುರ ಸಡಿಲಾಗುವುದು, ಕಣತಲೆಯಲ್ಲಿ ಗುಳಿ ಬೀಳುವುದು, ತುಂಬಿದ ಚೊಂಬನ್ನೆತ್ತಲು ಕೈ ಸೋಲುವುದು, ಇವು ಮೊದಲೇ ಕಾಣುತ್ತವೆ. 60 ಕಿಲೋ ತೂಗುತ್ತಿದ್ದವರು ತಾವಾಗಿ ಊಟ ಕಡಮೆ ಮಾಡದಿದ್ದರೂ ಮೂರರಿಂದ ಆರು ತಿಂಗಳೊಳಗೆ 3 ಕಿಲೋ ಇಳಿದರೆ ವೈದ್ಯರ ಕಿವಿಗೆ ಹಾಕಿ. 6 ಕಿಲೋ ದಾಟಿದರೆ ತಡಮಾಡಬಾರದು. ಮಂಚದಿಂದ ಏಳಲಾರದವರಿಗೆ ದರ್ಜಿಯ ಟೇಪು ಸಾಕು. ಭುಜಕ್ಕೂ ಮೊಣಕೈಗೂ ನಟ್ಟನಡುವೆ ತೋಳಿನ ಸುತ್ತಳತೆ 23.5 ಸೆಂಟಿಮೀಟರಿಗೆ ಕಡಮೆ ಬಂದರೆ ದೇಹ ಕೃಶವಾಗಿರುವ ಸಂಭವ ಹೆಚ್ಚು.

ಮೋಸಮಾಡುವುದು ನೀರು. ಹೃದಯ, ಮೂತ್ರಪಿಂಡ, ಯಕೃತ್ತುಗಳ ರೋಗದಲ್ಲಿ ಕಾಲು ಊದಿಕೊಂಡು ತೂಕ ಇಳಿದದ್ದೇ ತಿಳಿಯದು. ಅದನ್ನು ಕಂಡು "ಮೈ ತುಂಬಿಕೊಂಡಿದೆ" ಎನ್ನುವ ನೆಂಟರೂ ಉಂಟು! ಸ್ಥೂಲದೇಹದವರಲ್ಲಿಯೂ ಮಾಂಸಖಂಡ ಒಳಗೇ ಕರಗಬಹುದು. ರಕ್ತಪರೀಕ್ಷೆಯ ಆಲ್ಬುಮಿನ್ ಅಂಕಿಯೊಂದನ್ನೇ ನಂಬುವಂತಿಲ್ಲ. ಸೋಂಕು, ಉರಿಯೂತಗಳಿಂದಲೂ ಅದು ತಗ್ಗುತ್ತದೆ.

ಲಂಘನವೇ ಪರಮೌಷಧವೆಂಬ ಮಾತು ಒಂದು ದಿನದ ಅಜೀರ್ಣಕ್ಕೆ ಒಪ್ಪೀತು, ತಿಂಗಳುಗಟ್ಟಲೆಯ ರೋಗಕ್ಕಲ್ಲ. ಪಥ್ಯವೆಂದು ಬರಿಯ ಗಂಜಿಯ ತಿಳಿಯನ್ನೇ ಕೊಡುವವರು ಕೊಡುವುದು ಬಹುಪಾಲು ನೀರನ್ನೆ. ಹಾಗೆಂದು ಬಹುದಿನ ಉಣ್ಣದವರಿಗೆ ಒಮ್ಮೆಲೆ ತುಂಬ ಬಡಿಸುವುದೂ ಅಪಾಯವೇ. 1945ರಲ್ಲಿ ಜರ್ಮನಿಯ ಬರ್ಗೆನ್-ಬೆಲ್ಸನ್ ಶಿಬಿರದ ಬಿಡುಗಡೆಯಾದಾಗ, ಸೈನಿಕರು ಕರುಣೆಯಿಂದ ಕೊಟ್ಟ ಗಟ್ಟಿ ಆಹಾರವನ್ನು ತಾಳಲಾರದೆ ಸತ್ತವರುಂಟು. ಹಸಿದ ಮೈಗೆ ಥಟ್ಟನೆ ಅನ್ನ ಬಿದ್ದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಐದು ದಿನ ಮೀರಿ ಹೆಚ್ಚುಕಡಮೆ ಏನನ್ನೂ ಮುಟ್ಟದವರಿಗೆ ವೈದ್ಯರನ್ನು ಕೇಳಿ, ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಎಷ್ಟು ದಿನದಿಂದ ಎಷ್ಟು ಸೇರಿತೆಂಬುದನ್ನು ನೀವು ಕ್ಯಾಲೆಂಡರಿನ ಅಂಚಿನಲ್ಲಿ ಗುರುತುಹಾಕಿಟ್ಟಿದ್ದರೆ, ಎಲ್ಲಿಂದ ಮೊದಲು ಮಾಡಬೇಕೆಂದು ಅವರಿಗೆ ತಿಳಿಯುತ್ತದೆ.