ಮಿದುಳಿನ ರಕ್ತನಾಳಕ್ಕೆ ಬೆಳಕು ಹಿಡಿದಾಗ



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ವೈದ್ಯನಲ್ಲ. ಆದರೂ ಇಂದು ಮಿದುಳಿನ ರಕ್ತನಾಳಗಳ ವಿಷಯ ಆರಿಸಿಕೊಂಡಿದ್ದೇನೆ. ಏಕೆಂದರೆ ಮಿದುಳಿನ ಆರೋಗ್ಯದ ಒಂದು ದೊಡ್ಡ ಅಧ್ಯಯನ ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲೇ ನಡೆಯುತ್ತಿದೆ.

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2. ಆದರೆ ನಾವು ಸುಮ್ಮನೆ ಕುಳಿತಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಅದನ್ನು ಒಯ್ಯುವ ನಾಳಗಳು ಹೊಸ ಸೈಕಲ್ ಟ್ಯೂಬಿನಂತೆ ಹಿಗ್ಗಿ ಕುಗ್ಗಬೇಕು. ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿಗಳಿಂದ ಅವು ಗಡುಸಾಗುತ್ತವೆ. ಪಾರ್ಶ್ವವಾಯು, ಮರೆವಿನ ಅಪಾಯ ಹೆಚ್ಚುತ್ತದೆ. ನಾವು ಮಾತ್ರ 'ವಯಸ್ಸಾಯಿತು, ಅರಳು ಮರಳು' ಎಂದು ಸುಮ್ಮನಾಗುತ್ತೇವೆ.

ಕತ್ತಲಲ್ಲಿ ಟಾರ್ಚಿನ ಮೇಲೆ ಬೆರಳಿಟ್ಟರೆ ಬೆರಳು ಕೆಂಪಗೆ ಹೊಳೆಯುತ್ತದೆ. ಕೆಂಪು ಬೆಳಕು ಮಾಂಸವನ್ನು ದಾಟುತ್ತದೆ. ಕೋವಿಡ್ ಕಾಲದ ಆಕ್ಸಿಮೀಟರ್‌ನ ಗುಟ್ಟೂ ಇದೇ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ತಲೆಬುರುಡೆಯನ್ನೂ ಹಾದು ಮಿದುಳಿನ ಆಮ್ಲಜನಕದ ಸುದ್ದಿ ತರಬಲ್ಲದೆಂದು ಯೋಬ್ಸಿಸ್ ಎಂಬ ವಿಜ್ಞಾನಿ 1977ರಲ್ಲಿ ತೋರಿಸಿದರು. ಮುಂದೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮೋನಿಕಾ ಫಾಬಿಯಾನಿ, ಗೇಬ್ರಿಯೆಲ್ ಗ್ರಾಟನ್ ಅವರ ತಂಡ ಇಂಥ ಬೆಳಕಿನಿಂದಲೇ ಮಿದುಳಿನ ನಾಳಗಳ ಮಿಡಿತವನ್ನು ಅಳೆಯಿತು. ಮಿಡಿತದ ಅಲೆಯ ಆಕಾರ ನಾಳ ಮೆದುವೋ ಗಡುಸೋ ಎಂದು ಸೂಚಿಸುತ್ತದೆ. ಸೂಜಿ ಬೇಡ, ಎಕ್ಸ್‌ರೇ ಬೇಡ. ಮಿದುಳಿನ ಆಳ ಮಾತ್ರ ಕಾಣದು, ಮೇಲ್ಪದರವಷ್ಟೇ.

ಇನ್ನೊಂದು ತೊಡಕಿದೆ. ದಟ್ಟ ಕಪ್ಪು ಕೂದಲು, ಕಪ್ಪು ಚರ್ಮ ಬೆಳಕನ್ನು ಹೆಚ್ಚು ಹೀರುತ್ತವೆ. ಬೇರೆಯವರ ಮೇಲಷ್ಟೇ ಪರೀಕ್ಷಿಸಿದ ಯಂತ್ರ ನಮ್ಮವರ ವಿಷಯದಲ್ಲಿ ತಪ್ಪು ಹೇಳಬಹುದು. ಸಾಫ್ಟ್‌ವೇರ್ ಯಾರ ಮಾಹಿತಿಯಿಂದ ಕಲಿತಿದೆಯೋ ಅವರನ್ನೇ ಚೆನ್ನಾಗಿ ಅರಿಯುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಿಂದ ನಮ್ಮ ಹಳ್ಳಿಗಳಲ್ಲಿ 45 ದಾಟಿದವರ ನೆನಪಿನ ಶಕ್ತಿ, ರಕ್ತ, ಎಂ.ಆರ್.ಐ. ಪರೀಕ್ಷೆ ನಡೆಸುತ್ತಿದೆ. ಅಧ್ಯಯನದ ಹೆಸರು ಸ್ಯಾನ್ಸ್‌ಕಾಗ್. ಗುರಿ 10,000 ಜನ. ಎಂ.ಆರ್.ಐ. ಯಂತ್ರ ಹಳ್ಳಿಗೆ ಬರುವುದು ಕಷ್ಟ, ಬೆಳಕಿನ ಸಾಧನ ಬರಬಹುದು. ಅದನ್ನು ನಮ್ಮವರಿಗೆ ಒಗ್ಗಿಸುವಾಗ ಹೋಲಿಸಿ ನೋಡಲು ಇಂಥ ದಾಖಲೆಯೇ ಬೇಕು. ಮಾವಿನ ತೋಟದ ಕೆಲಸ ಬಿಟ್ಟು ಪರೀಕ್ಷೆಗೆ ಹೋಗುವ ನಮ್ಮ ಹಿರಿಯರು ವಿಜ್ಞಾನಕ್ಕೆ ದೊಡ್ಡ ಕೊಡುಗೆ ಕೊಡುತ್ತಿದ್ದಾರೆ.

ಮಕ್ಕಳೇ, ಬೆಳಕಿನ ಪಾಠವನ್ನು ಅಂಕಕ್ಕಾಗಿ ಮಾತ್ರ ಓದಬೇಡಿ. ಆ ಸಾಧನ ಕಟ್ಟುವವರು ನಿಮ್ಮಲ್ಲೇ ಇರಬಹುದು. ಅಲ್ಲಿಯವರೆಗೆ ಕಾಯಬೇಡಿ. ಈ ವಾರವೇ ಮನೆಯ ಹಿರಿಯರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಬಿ.ಪಿ. ನೋಡಿಸಿ.