ನಿಧಾನವಾದ ಪದ

ತೀರಿಕೊಂಡ ನನ್ನ ಹೆಂಡತಿಯ ಬೀಸುಕಲ್ಲಿನ ಪದವೊಂದು ಹಳೆಯ ಕ್ಯಾಸೆಟ್ಟಿನಲ್ಲಿತ್ತು. ಮೊಮ್ಮಗ ಅದನ್ನು ಮೊಬೈಲಿಗೆ ಇಳಿಸಿ, ರೀಲ್ಸಿಗೆಂದು ನಿಧಾನ ಮಾಡಿದ. ಕೇಳಿದರೆ ಗಂಡಸಿನ ಗಂಟಲು!

"ಅಜ್ಜಾ, ವೇಗ ನೂರಿದ್ದದ್ದು ಎಂಬತ್ತು ಮಾಡೀನಿ, ಅಷ್ಟ."

ಬ್ಯಾಂಕಿನ ಲೆಕ್ಕದ ಚಾಳಿ ಬಿಡಬೇಕಲ್ಲ! 24 ಸೆಕೆಂಡಿನ ಪದ 30 ಆಯಿತು. ಸ್ವರ ಹಾರ್ಮೋನಿಯಂನಲ್ಲಿ ಕರಿ-ಬಿಳಿ ಸೇರಿ ಸುಮಾರು 4 ಮನೆ ಇಳಿಯಿತು. ಅಮೆರಿಕದ ಹ್ಯೂಸ್ಟನ್ನಿನ ಡಿಜೆ ಸ್ಕ್ರೂ 1990ರ ದಶಕದಲ್ಲೇ ಹೀಗೆ ಹಾಡು ನಿಧಾನಿಸಿ ಕ್ಯಾಸೆಟ್ ಮಾರಿದವನು. ನಮ್ಮ ಹುಡುಗ ಮೇಲೆ ರಿವರ್ಬನ್ನೂ ಹಾಕಿದ್ದ. ಬಾವಿಯಲ್ಲಿ ಕೂಗಿದಂತೆ ಒಂದು ನುಡಿಯ ಬಾಲ ಮುಂದಿನ ನುಡಿಯ ಮೇಲೆ ಬಿದ್ದು ಮಾತೇ ತಿಳಿಯದು.

ಸ್ವರ ಇಳಿಸದೆ ವೇಗವಷ್ಟೇ ಇಳಿಸುವ ಅನುಕೂಲ ಆ ಆ್ಯಪಿನಲ್ಲೇ ಇತ್ತು. ಹಾಗೆ ಮಾಡಿಸಿ, ರಿವರ್ಬ್ ತಗ್ಗಿಸಿದೆ. ಆಕೆಯ ದನಿ ಬಂತು. ಮರಾಠಿ ಶಾಲೆಯ ಹುಡುಗ ಕಿವಿಗೊಟ್ಟು ಕೇಳಿ, "ತವರು ಅಂದ್ರ ಮಾಹೇರ ಏನಜ್ಜಾ?" ಎಂದ.