ಕಾರ್ಗಾಲಕ್ಕೆ ಮುನ್ನ ಮನೆ

ಹಳಗನ್ನಡದಲ್ಲಿ ಮಳೆಗಾಲಕ್ಕೆ ಕಾರ್ಗಾಲವೆಂದು ಹೆಸರು. ಕಾರ್ ಎಂದರೆ ಕಪ್ಪು. ಕಾರ್ಮೋಡವೆಂಬ ಮಾತಿನಲ್ಲಿ ಅದು ಇಂದಿಗೂ ಉಳಿದಿದೆ. ಆ ಕಪ್ಪು ಪಡುವಣ ಬಾನಿಗೆ ಏರುವ ಮುನ್ನ ಗೃಹಸ್ಥನಿಗೆ ದೊರೆಯುವ ಬಿಡುವು ಹೆಚ್ಚಿನದಲ್ಲ. ರೋಹಿಣಿ ಮಳೆ ಹುಟ್ಟುವುದು ಮೇ 25ರ ಸುಮಾರಿಗೆ, ಮೃಗಶಿರೆ ಜೂನ್ 8ರ ಸುಮಾರಿಗೆ. ಕರಾವಳಿಯಲ್ಲಿ ಮುಂಗಾರು ಕಾಲಿಡುವುದೂ ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿಯೇ. ಆದುದರಿಂದ ಮನೆಯ ರಿಪೇರಿಯೆಲ್ಲ ರೋಹಿಣಿಗೆ ಮೊದಲೇ ಮುಗಿದಿರಬೇಕು. ಆಮೇಲೆ ಮಾಡುವುದು ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಈ ಕೆಲಸಕ್ಕೆಲ್ಲ ಸೂತ್ರವೊಂದೇ: ನೀರನ್ನು ತಡೆಯುವುದಕ್ಕಿಂತ ಅದಕ್ಕೆ ದಾರಿ ಮಾಡಿಕೊಡುವುದು ಮೇಲು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,000 ಮಿಲಿಮೀಟರಿನಷ್ಟು ಮಳೆ ಸುರಿಯುವುದುಂಟು. ಅಷ್ಟು ನೀರನ್ನು ಯಾವ ಗೋಡೆ ತಡೆದೀತು? ಮಲೆನಾಡಿನ ಮನೆಗಳು ಬಾಳಿರುವುದು ಇಳಿಜಾರಾದ ಮಾಡು, ಮುಂದೆ ಚಾಚಿದ ಸೂರು, ಕಸವಿಲ್ಲದ ಚರಂಡಿ ಇವುಗಳ ಬಲದಿಂದ.

ಮೊದಲು ಹೆಂಚಿನ ಮನೆಯನ್ನು ನೋಡೋಣ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಾಡಿನ ತುಂಬ ಹಬ್ಬಿತು. ಅದರ ಗುಣವಿರುವುದು ಅಂಚಿನ ಗೀರಿನಲ್ಲಿ. ಒಂದರ ಅಂಚು ಇನ್ನೊಂದರ ಗೀರಿನಲ್ಲಿ ಕೂರುತ್ತದೆ. ಸಂದಿಗೆ ಬಂದ ನೀರು ಆ ಗೀರಿನಲ್ಲೇ ಹರಿದು ಕೆಳಗಿಳಿಯುತ್ತದೆ. ಗೀರಿನಲ್ಲಿ ಧೂಳು, ತರಗೆಲೆ, ಪಾಚಿ ಸೇರಿದರೆ ನೀರು ಉಕ್ಕಿ ಒಳಗೆ ಬೀಳುತ್ತದೆ. ಹೆಂಚು ಒಡೆಯದೆಯೂ ಮನೆ ಸೋರುವುದು ಹೀಗೆ. ಆದುದರಿಂದ ಹೆಂಚು ಕೈಯಾಡಿಸುವುದೆಂದರೆ ಒಡೆದುದನ್ನು ಬದಲಿಸುವುದಷ್ಟೇ ಅಲ್ಲ, ಗೀರುಗಳನ್ನೂ ಗುಡಿಸಿ ತೆಗೆಯಬೇಕು. ಹೆಂಚು ತೆಗೆದಾಗಲೇ ಕೆಳಗಿನ ಪಕಾಸು, ರೀಪುಗಳನ್ನು ಚಾಕುವಿನ ತುದಿಯಿಂದ ಒತ್ತಿ ನೋಡಿ. ಚಾಕು ಸಲೀಸಾಗಿ ಇಳಿದರೆ ಗೆದ್ದಲೋ ಲಡ್ಡೋ ಹಿಡಿದಿದೆಯೆಂದು ತಿಳಿಯಿರಿ. ಮಾಡು ಹತ್ತುವ ಕೆಲಸ ಮಾತ್ರ ಪಳಗಿದವರಿಗೇ ಇರಲಿ, ಒಣ ಹವೆಯಲ್ಲೇ ನಡೆಯಲಿ. ಏಣಿ ಹಿಡಿಯಲು ಕೆಳಗೊಬ್ಬರು ಇರಲೇಬೇಕು. ನಾಲ್ಕು ಹೆಂಚಿನ ಉಳಿತಾಯಕ್ಕಾಗಿ ಮನೆಯ ಯಜಮಾನನ ಸೊಂಟ ಮುರಿಯುವುದು ಜಾಣತನವಲ್ಲ.

ಪಟ್ಟಣದ ತಾರಸಿ ಮನೆಯ ರೋಗ ಬೇರೆ. ಅಲ್ಲಿ ನೀರು ಹೋಗುವ ಕೊಳವೆಯ ಬಾಯಿಗೆ ಎಲೆ, ಕಾಗದ, ಪ್ಲಾಸ್ಟಿಕ್ಕು ಸಿಕ್ಕಿಕೊಂಡರೆ ತಾರಸಿಯೇ ಕೆರೆಯಾಗುತ್ತದೆ. ಬಿಸಿಲಿರುವಾಗಲೇ ಗುಡಿಸಿ, ನಾಲ್ಕು ಕೊಡ ನೀರು ಸುರಿದು ನೋಡಿ. ನೀರು ಎಲ್ಲಿ ನಿಲ್ಲುವುದೋ ಅಲ್ಲಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ. ಬಿರುಕು ಹೆಚ್ಚಾಗಿ ಕಾಣುವುದು ತಾರಸಿಯೂ ಕೈಪಿಡಿ ಗೋಡೆಯೂ ಸೇರುವ ಮೂಲೆಯಲ್ಲಿ. ಅಲ್ಲಿಗೆ ಹಾಕಿದ ಗಾರೆ ಗಟ್ಟಿಯಾಗಲು ಒಂದು ವಾರವಾದರೂ ನೀರುಣಿಸಬೇಕು. ಮೊದಲ ಮಳೆಯ ಹಿಂದಿನ ದಿನ ಮೆತ್ತಿದರೆ ಫಲವಿಲ್ಲ.

ಇನ್ನು ಸೋರಿಕೆಗಿಂತ ಘೋರವಾದುದೊಂದುಂಟು, ಅದು ವಿದ್ಯುತ್ತು. ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಕಟ್ಟುವ ರೂಢಿ ಇನ್ನೂ ಇದೆ. ಕಂಬದಿಂದ ಮನೆಗೆ ಬರುವ ತಂತಿಯ ಹೊದಿಕೆ ಸವೆದು ಅದಕ್ಕೆ ತಗುಲಿದರೆ, ಒದ್ದೆ ಬಟ್ಟೆ ಹರವಲು ಹೋದ ತಾಯಿ ಮರಳಿ ಬಾರಳು. ಮಳೆಗಾಲದ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಹೊಸದಲ್ಲ. ಇಂದೇ ಆ ತಂತಿಯನ್ನು ಬಿಚ್ಚಿ ನೂಲಿನ ಇಲ್ಲವೆ ನೈಲಾನಿನ ಹಗ್ಗ ಕಟ್ಟಿ. ಪರವಾನಗಿಯುಳ್ಳ ಕೆಲಸಗಾರರಿಂದ ಅರ್ಥಿಂಗ್ ಪರೀಕ್ಷಿಸಿಸಿ. ವಿದ್ಯುತ್ತು ಸೋರಿದೊಡನೆ ತಾನೇ ಕಡಿದುಕೊಳ್ಳುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ಚು ಮನೆಯಲ್ಲಿರಲಿ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಿ.

ಹಿತ್ತಿಲಿನ ತೆಂಗಿನ ಚಿಪ್ಪು, ಹಳೆಯ ಟೈರು, ಹೂಕುಂಡದ ತಟ್ಟೆಗಳಲ್ಲೂ ನೀರು ನಿಲ್ಲಬಾರದು. ಡೆಂಗಿ ಹರಡುವ ಸೊಳ್ಳೆ ತಿಳಿನೀರಿನಲ್ಲೇ ಮೊಟ್ಟೆಯಿಟ್ಟು ವಾರ ಹತ್ತು ದಿನಗಳಲ್ಲಿ ಹಾರುತ್ತದೆ. ವಾರಕ್ಕೊಮ್ಮೆ ಬೋರಲು ಹಾಕಿದರೆ ಸಾಕು.

ಕಡೆಗೆ ಒಂದು ಮಾತು. ನೀರಿಗೆ ದಾರಿ ಮಾಡಿಕೊಡುವುದೆಂದರೆ ಅದನ್ನು ಪಕ್ಕದವರ ಗೋಡೆಗೆ ತಿರುಗಿಸುವುದಲ್ಲ. ಬೀದಿಯ ಚರಂಡಿಯವರೆಗೂ ಮುಟ್ಟಿಸುವುದು. ತಮ್ಮ ಬೀದಿಯಲ್ಲಿ ಒಂಟಿಯಾಗಿರುವ ಮುದುಕರ ಮನೆಯೊಂದು ಇರಬಹುದು. ತಮ್ಮಲ್ಲಿಗೆ ಆಳು ಏಣಿ ತಂದ ದಿನವೇ ಆ ಮನೆಯ ಮಾಡನ್ನೂ ನೋಡಿ ಹೋಗಲು ಹೇಳಿ. ಅರ್ಧ ದಿನದ ಕೂಲಿಯಲ್ಲಿ ಒಂದು ಮಳೆಗಾಲದ ನಿದ್ರೆ ಅವರಿಗೆ ದೊರೆಯುತ್ತದೆ.